"ಛಲೋ ಅದ ಬಿಡ್ರಿ" ಸಾಕಾಗುವುದಿಲ್ಲ: ತಿದ್ದುವ ಮಾತು ಹೇಳುವುದು ಹೇಗೆ, ಕೇಳುವುದು ಹೇಗೆ?

ನಮ್ಮ ಕಲಬುರಗಿ ಕಡೆ ಯಾರಾದರೂ ತಮ್ಮ ಕೆಲಸ ತೋರಿಸಿ "ಹೆಂಗದ ನೋಡ್ರಿ" ಅಂತ ಕೇಳಿದರೆ ಬರುವ ಉತ್ತರ ಬಹುತೇಕ ಒಂದೇ. "ಛಲೋ ಅದ ಬಿಡ್ರಿ." ಊನ ಕಣ್ಣಿಗೆ ಬಿದ್ದಿದ್ದರೂ ಅದೇ ಮಾತು. ಜಾಸ್ತಿ ಅಂದರೆ "ನಡೀತದ ಬಿಡ್ರಿ." ಎದುರಿಗಿರುವವರ ಮನಸ್ಸು ನೋಯಬಾರದು ಅನ್ನುವ ಕಾಳಜಿ ಅದರಲ್ಲಿದೆ. ಅದು ದೊಡ್ಡ ಗುಣವೇ. ಆದರೆ ನಿಜವಾಗಿ ಅನ್ನಿಸಿದ್ದು ಸಂಜೆ ಚಹಾದಂಗಡಿಯಲ್ಲಿ ಬೇರೆಯವರ ಮುಂದೆ ಹೊರಗೆ ಬರುತ್ತದೆ. ಕೆಲಸ ಮಾಡಿದವರ ಕಿವಿಗೆ ಬೀಳುವಷ್ಟರಲ್ಲಿ ಅದು ನಾಲ್ಕು ಬಾಯಿ ದಾಟಿ, ಉಪ್ಪುಖಾರ ಹಚ್ಚಿಕೊಂಡಿರುತ್ತದೆ.

ಇನ್ನು ಕೆಲವರು ತಿಂಗಳುಗಟ್ಟಲೆ ಸುಮ್ಮನಿದ್ದು ಒಂದು ದಿನ ಸಿಟ್ಟಿನಲ್ಲಿ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತಾರೆ. "ನಿಮ್ಮ ಕೈಲಿ ಒಂದೂ ನೆಟ್ಟಗ ಆಗಂಗಿಲ್ಲ." ಕೇಳಿದವರಿಗೆ ಅವಮಾನ ನೆನಪಿರುತ್ತದೆ, ಏನು ತಿದ್ದಬೇಕಿತ್ತು ಅನ್ನುವುದು ಮಾತ್ರ ಗೊತ್ತೇ ಆಗಿರುವುದಿಲ್ಲ.

ಈ ಎರಡನ್ನೂ ಬಿಟ್ಟು ಹೇಳುವುದನ್ನು ಕಲಿಯಬಹುದು. ಅದಕ್ಕೆ ನಾನು ಇಟ್ಟುಕೊಂಡಿರುವ ಅಳತೆ ಒಂದೇ. ನಿಮ್ಮ ಮಾತು ಕೇಳಿದವರಿಗೆ, ಅದೇ ಕೆಲಸವನ್ನು ಮುಂದಿನ ಸಲ ಮಾಡುವಾಗ ಏನು ಬದಲಿಸಬೇಕು ಅಂತ ತಿಳಿಯಬೇಕು. ತಿಳಿಯಲಿಲ್ಲ ಅಂದರೆ ನೀವು ಎಷ್ಟೇ ಮೆತ್ತಗೆ ಹೇಳಿದರೂ, ಎಷ್ಟೇ ಗಟ್ಟಿಯಾಗಿ ಹೇಳಿದರೂ ಉಪಯೋಗವಿಲ್ಲ.

2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗೆ ಬಂತು. ಹಿಂದಿನ ವರ್ಷ ಆ ಜಾಗದಲ್ಲಿ ಯಾದಗಿರಿ ಇತ್ತು. ಎಲ್ಲೆಲ್ಲೂ ಅದೇ ಸುದ್ದಿ. ಫೇಲಾದ ಒಬ್ಬ ಹುಡುಗನ ಜಾಗದಲ್ಲಿ ನಿಂತು ಯೋಚಿಸಿ. "ನಿಮ್ಮ ಜಿಲ್ಲೆ ಕೊನೆಗೆ" ಅನ್ನುವ ಮಾತಿನಿಂದ ಅವನಿಗೆ ನಾಳೆ ಯಾವ ಪುಟ ತೆಗೆಯಬೇಕು ಅಂತ ಗೊತ್ತಾಯಿತಾ? ಅವನಿಗೆ ಬೇಕಾಗಿರುವುದು "ಲೆಕ್ಕದ ಕ್ರಮ ಸರಿ ಇದೆ, ಮೂರನೇ ಸಾಲಿನಲ್ಲಿ ಮೈನಸ್ ಚಿಹ್ನೆ ಬಿಟ್ಟಿದ್ದೀಯ" ಅನ್ನುವ ಮಾತು.

ಸುಮ್ನೆ ಫೀಡ್‌ಬ್ಯಾಕ್ ಕೊಟ್ಟುಬಿಟ್ಟರೆ ಜನ ಸುಧಾರಿಸುತ್ತಾರೆ ಅನ್ನುವುದೂ ಪೂರ್ತಿ ನಿಜವಲ್ಲ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡಿನಿಸಿ ಎಂಬ ಸಂಶೋಧಕರು ಅದುವರೆಗಿನ ಅಧ್ಯಯನಗಳ 600ಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಲಾಭವೇ ಕಂಡಿತು. ಆದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಕಡೆ ಫೀಡ್‌ಬ್ಯಾಕಿನಿಂದ ಕೆಲಸದ ಮಟ್ಟ ಇಳಿದಿತ್ತು. ಗಮನ ಕೆಲಸವನ್ನು ಬಿಟ್ಟು "ನಾನು ಎಂಥವನು" ಅನ್ನುವ ಕಡೆ ಹೊರಳಿದಷ್ಟೂ ಲಾಭ ಕಡಿಮೆ ಅಂತ ಅವರು ವಿವರಿಸಿದರು. ಮುಂದೆ ಹೇಳುವ ಹೆಚ್ಚಿನ ಹೆಜ್ಜೆಗಳ ಹಿಂದೆ ಇರುವುದು ಇದೇ ಕಾರಣ. ಮಾತು ಕೆಲಸದ ಮೇಲೇ ಇರಬೇಕು.

ಬಾಯಿ ತೆಗೆಯುವ ಮುನ್ನ

ಮೊದಲು ನಿಮ್ಮನ್ನೇ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಬದಲಿಸುವುದು ಅವರ ಕೈಯಲ್ಲಿದೆಯಾ? ಅದೇ ಕೆಲಸ ಮತ್ತೆ ಮಾಡುವ ಅವಕಾಶ ಅವರಿಗೆ ಬರುತ್ತದಾ? ಎರಡಕ್ಕೂ ಇಲ್ಲ ಅಂದರೆ ಸುಮ್ಮನಿರುವುದೇ ಒಳ್ಳೆಯದು. ಮದುವೆ ಮುಗಿದು ಚಪ್ಪರ ಬಿಚ್ಚುವಾಗ "ಅಡಿಗಿಯವ್ರನ್ನ ಬ್ಯಾರೆ ಕರೀಬೇಕಿತ್ತು" ಅಂತ ಹುಡುಗಿಯ ತಂದೆಗೆ ಹೇಳಿ ಯಾರಿಗೆ ಏನು ಬಂತು?

ಆಮೇಲೆ ಹೊತ್ತು ಮತ್ತು ಜಾಗ. ತಿದ್ದುವ ಮಾತು ಇಬ್ಬರ ನಡುವೆ ಮಾತ್ರ. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಬೇಡವೇ ಬೇಡ. ಅಲ್ಲಿ ದನಿ ಕೇಳಿಸುವುದಿಲ್ಲ, ಮುಖ ಕಾಣುವುದಿಲ್ಲ, ನೂರು ಜನ ನೋಡುತ್ತಿರುತ್ತಾರೆ. ಬಿಸಿಲಿನ ಲೆಕ್ಕವನ್ನೂ ಇಡಿ ಅನ್ನುತ್ತೇನೆ ನಾನು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವುದು ಸುಮ್ಮನೆ ಅಲ್ಲ. ಫ್ಯಾನಿನ ಗಾಳಿಯೂ ಸುಡುವ ಹೊತ್ತಿನಲ್ಲಿ, ಹಸಿದು ಮನೆಗೆ ಹೊರಟವರನ್ನು ನಿಲ್ಲಿಸಿ ತಪ್ಪು ಎತ್ತಿ ತೋರಿಸಬೇಡಿ. ಬೆಳಿಗ್ಗೆ ಹೇಳಿ. ಆದರೆ ವಾರಗಟ್ಟಲೆ ಮುಂದೂಡಲೂ ಬೇಡಿ. ಕೆಲಸದ ನೆನಪು ಇಬ್ಬರಲ್ಲೂ ಹಸಿಯಾಗಿರುವಾಗಲೇ ಹೇಳಬೇಕು.

ಕಂಡದ್ದನ್ನು ಕಂಡ ಹಾಗೆ ಹೇಳಿ

ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಕಲಿಸುವ ಒಂದು ಸರಳ ಕ್ರಮವಿದೆ. ಮೊದಲು ಸಂದರ್ಭ, ಆಮೇಲೆ ಆ ವ್ಯಕ್ತಿ ಮಾಡಿದ್ದು, ಕೊನೆಗೆ ಅದರಿಂದ ಆದದ್ದು. ಯಾವಾಗ, ಏನು, ಅದರಿಂದ ಏನಾಯ್ತು ಅಂತ ನೆನಪಿಟ್ಟುಕೊಂಡರೂ ಸಾಕು. ಅದಕ್ಕೆ ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ: ಮುಂದಿನ ಸಲ ಹೇಗೆ.

ರೊಟ್ಟಿ ಬಡಿಯುವ ಜಾಗದಲ್ಲಿ ಇದು ಚೆನ್ನಾಗಿ ಕಾಣುತ್ತದೆ. "ಕಲಬುರಗಿ ರೊಟ್ಟಿ" ಎಂಬ ಹೆಸರಿನಲ್ಲಿ ನಮ್ಮ ಹೆಣ್ಣುಮಕ್ಕಳ ಸಂಘಗಳು ಮಾಡುವ ಜೋಳದ ರೊಟ್ಟಿ ಈಗ ಬೆಂಗಳೂರಿನವರೆಗೂ ಹೋಗುತ್ತಿದೆ. ಇಂಥ ಒಂದು ಕಡೆ ಹೊಸದಾಗಿ ಸೇರಿದ ಹುಡುಗಿ ಬಡಿಯುತ್ತಿದ್ದಾಳೆ, ರೊಟ್ಟಿಯ ಅಂಚು ಬಿರಿಯುತ್ತಿದೆ ಅಂದುಕೊಳ್ಳಿ. ಪಕ್ಕದ ಹಿರಿಯಾಕೆಗೆ ಎರಡು ದಾರಿ ಇದೆ. ಒಂದು, "ನಿಮ್ಮವ್ವ ಮನ್ಯಾಗ ಏನೂ ಕಲಿಸಿಲ್ಲೇನು?" ಅನ್ನುವುದು. ಹುಡುಗಿಯ ಕೈ ಅಲ್ಲೇ ಗಟ್ಟಿಯಾಗುತ್ತದೆ, ಮುಂದಿನ ರೊಟ್ಟಿ ಇನ್ನೂ ಕೆಡುತ್ತದೆ. ಅವಳು ಆಗ ರೊಟ್ಟಿಯನ್ನು ನೋಡುತ್ತಿರುವುದಿಲ್ಲ, ಸುತ್ತಲಿನವರ ಮುಖ ನೋಡುತ್ತಿರುತ್ತಾಳೆ.

ಇನ್ನೊಂದು ಹೀಗೆ. "ತಂಗಿ, ಅಂಚು ನೋಡು, ಬಿರೀಲಕತ್ತದ. ಹಿಟ್ಟಿಗಿ ಜಿಗಿ ಬಂದಿಲ್ಲ. ನೀ ಎಸರು ಹಾಕಿದಾಗ ನೀರು ಬರೇ ಬಿಸಿ ಇದ್ದವು, ಕುದ್ದಿದ್ದಿಲ್ಲ. ಈಗಿನ ಮುದ್ದಿಗಿ ಕೊತಕೊತ ಕುದಿಯೋ ನೀರು ಹಾಕು, ಜರಾ ಜಾಸ್ತಿ ನಾದು. ಆಮ್ಯಾಲ ಒಂದು ಬಡದು ನೋಡಣ."

ಇದರಲ್ಲಿ ಏನೇನಿದೆ ನೋಡಿ. ಕಣ್ಣಿಗೆ ಕಾಣುವ ಒಂದು ಸಂಗತಿ ಇದೆ, ಬಿರಿದ ಅಂಚು. ಅದರ ಕಾರಣ ಇದೆ. ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲುಟೆನ್ ಇಲ್ಲ, ಕುದಿಯುವ ಎಸರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟು ಬರುತ್ತದೆ, ಆ ಅಂಟೇ ಜಿಗಿ. ಆಮೇಲೆ ಈ ಕ್ಷಣ ಮಾಡಬಹುದಾದ ಒಂದು ಬದಲಾವಣೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ "ಬಡದು ನೋಡಣ" ಇದೆ. ಹಿರಿಯಾಕೆ ಹೇಳಿ ಎದ್ದು ಹೋಗುವುದಿಲ್ಲ, ಮುಂದಿನ ರೊಟ್ಟಿ ಹಂಚಿಗೆ ಬೀಳುವವರೆಗೆ ಕೂರುತ್ತಾಳೆ. ನೀರು ಕುದಿಸಿದ ಮೇಲೂ ಅಂಚು ಬಿರಿದರೆ ಕಾರಣ ಬೇರೆ ಇರಬಹುದು. ಹಿಟ್ಟು ಬೀಸಿ ಬಹಳ ದಿನ ಆಗಿದ್ದರೂ ಜಿಗಿ ಹೋಗುತ್ತದೆ. ಆಗ ತಿದ್ದಬೇಕಾದದ್ದು ಹುಡುಗಿಯ ಕೈಯನ್ನಲ್ಲ, ಗಿರಣಿಗೆ ಕಳಿಸುವ ಲೆಕ್ಕವನ್ನು. ಕೂತು ನೋಡಿದವರಿಗೆ ಮಾತ್ರ ಇದು ಗೊತ್ತಾಗುತ್ತದೆ.

"ಯಾವಾಗ್ಲೂ", "ಯಾವತ್ತೂ", "ಒಂದೂ", "ಬರೇ ಇದೇ ಆಯ್ತು ನಿಂದು" ಇಂಥ ಮಾತುಗಳನ್ನು ಪೂರ್ತಿ ಬಿಡಿ. ನೀವು "ಯಾವಾಗ್ಲೂ ಲೇಟ್ ಬರ್ತೀರಿ" ಅಂದ ತಕ್ಷಣ ಎದುರಿನವರು ಲೇಟಾಗದೆ ಬಂದ ದಿನಗಳನ್ನು ಎಣಿಸತೊಡಗುತ್ತಾರೆ. "ಸೋಮವಾರ, ಬುಧವಾರ ಹತ್ತೂವರೆಗೆ ಬಂದ್ರಿ, ಕೌಂಟರ್ ಮುಂದ ಜನ ನಿಂತಿದ್ರು" ಅಂದರೆ ವಾದಕ್ಕೆ ಜಾಗ ಇಲ್ಲ.

ಒಂದು ಸಲಕ್ಕೆ ಒಂದೇ

ಹತ್ತು ತಪ್ಪು ಕಂಡಿರಬಹುದು. ಒಂದನ್ನು ಆರಿಸಿ. ಯಾವುದನ್ನು ತಿದ್ದಿದರೆ ಉಳಿದವು ತಾವೇ ಸರಿ ಹೋಗುತ್ತವೋ ಅದನ್ನು. ಉಳಿದದ್ದು ಮುಂದಿನ ವಾರಕ್ಕಿರಲಿ.

ಹೊಗಳಿಕೆಯ ನಡುವೆ ತಪ್ಪನ್ನು ಅಡಗಿಸಿ ಹೇಳುವ ಪದ್ಧತಿಯನ್ನು ಬಹಳ ತರಬೇತಿಗಳಲ್ಲಿ ಕಲಿಸುತ್ತಾರೆ. ಮೊದಲು ಹೊಗಳು, ನಡುವೆ ತಪ್ಪು ಹೇಳು, ಕೊನೆಗೆ ಮತ್ತೆ ಹೊಗಳು ಅಂತ. ನನಗೆ ಇದು ಒಪ್ಪಿಗೆ ಇಲ್ಲ. "ಭಾಳ ಛಲೋ ಮಾಡೀರಿ, ಆದ್ರ..." ಅಂತ ಎರಡು ಸಲ ಕೇಳಿದವರು ಮೂರನೇ ಸಲ ಹೊಗಳಿಕೆ ಶುರುವಾದಾಗಲೇ ಆ "ಆದ್ರ" ಎಲ್ಲಿ ಬರುತ್ತದೆ ಅಂತ ಕಾಯುತ್ತಾರೆ. ಆಮೇಲೆ ನೀವು ಮನಸಾರೆ ಮೆಚ್ಚಿದರೂ ನಂಬುವುದಿಲ್ಲ. ಮೆಚ್ಚುವ ಮಾತನ್ನು ಮೆಚ್ಚುವ ದಿನ ಹೇಳಿ, ಅದನ್ನೂ ಬಿಡಿಸಿ ಹೇಳಿ. "ಭಾಷಣ ಸೂಪರ್" ಅನ್ನುವ ಬದಲು "ಶುರುವಿನಾಗೇ ನಮ್ಮೂರ ಕೆರಿ ಉದಾಹರಣೆ ಕೊಟ್ರಲ್ಲ, ಹಿಂದ ಕೂತವ್ರು ಆಗ ಮೊಬೈಲ್ ಕೆಳಗಿಟ್ರು" ಅನ್ನಿ. ಮುಂದಿನ ಸಲ ಅವರು ಅದನ್ನು ಮತ್ತೆ ಮಾಡಬಲ್ಲರು.

ಮಕ್ಕಳ ನೋಟ್‌ಬುಕ್ಕಿನಲ್ಲಿ

ಶಿಕ್ಷಕರಿಗೆ ಇಲ್ಲಿ ಒಂದು ಅಧ್ಯಯನ ಉಪಯೋಗಕ್ಕೆ ಬರುತ್ತದೆ. 1988ರಲ್ಲಿ ರುತ್ ಬಟ್ಲರ್ ಎಂಬ ಸಂಶೋಧಕಿ ಇಸ್ರೇಲಿನಲ್ಲಿ ಐದು, ಆರನೇ ತರಗತಿಯ ಮಕ್ಕಳ ಜೊತೆ ಮಾಡಿದ್ದು. ಒಂದು ಗುಂಪಿಗೆ ಬರೀ ಅಂಕ, ಇನ್ನೊಂದಕ್ಕೆ ಬರೀ ತಿದ್ದುವ ಮಾತು, ಮತ್ತೊಂದಕ್ಕೆ ಎರಡೂ. ತಿದ್ದುವ ಮಾತು ಮಾತ್ರ ಸಿಕ್ಕ ಮಕ್ಕಳ ಕೆಲಸವೂ ಆಸಕ್ತಿಯೂ ಹೆಚ್ಚಿತು. ಎರಡೂ ಸಿಕ್ಕವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಣ್ಣಿಗೆ ಬಿದ್ದ ಮೇಲೆ ಪಕ್ಕದ ಮಾತನ್ನು ಓದುವವರು ಯಾರು, ಅಲ್ವಾ? ಪರೀಕ್ಷೆಗೆ ಅಂಕ ಬೇಕೇ ಬೇಕು, ಅದನ್ನು ಬಿಡಲಾಗದು. ಆದರೆ ದಿನದ ಹೋಂವರ್ಕಿಗೆ ಹತ್ತಕ್ಕೆ ಇಷ್ಟು ಅಂತ ಬರೆಯುವುದನ್ನು ನಿಲ್ಲಿಸಬಹುದು. ಪುಟದ ಕೆಳಗೆ ಒಂದೇ ಸಾಲು ಬರೆಯಿರಿ. "ಎರಡನೇ ಪ್ಯಾರಾದಲ್ಲಿ ಕಾರಣ ಹೇಳಿಲ್ಲ. ಒಂದು ಕಾರಣ ಸೇರಿಸಿ ನಾಳೆ ತೋರಿಸು." ನಾಳೆ ನೋಡಲು ಮರೆಯಬೇಡಿ. ನೋಡಲಿಲ್ಲ ಅಂದರೆ ಮೂರನೇ ದಿನಕ್ಕೆ ಮಗು ಓದುವುದನ್ನೇ ಬಿಡುತ್ತದೆ.

"ನೀ ಜಾಣ ಇದ್ದಿ" ಅನ್ನುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದರಿಂದ ಮಗುವಿಗೆ ಖುಷಿ ಆಗುತ್ತದೆ, ಏನು ಮಾಡಿದ್ದಕ್ಕೆ ಅಂತ ತಿಳಿಯುವುದಿಲ್ಲ. "ಉತ್ತರ ಬರ್ಲಿಲ್ಲಂದ್ರೂ ಇನ್ನೊಂದು ದಾರಿ ಹಿಡದಿ ನೋಡು, ಅದು ಛಲೋ ಆಯ್ತು" ಅಂದರೆ ತಿಳಿಯುತ್ತದೆ.

ದೊಡ್ಡವರಿಗೆ ಹೇಳಬೇಕಾದಾಗ

ಎಲ್ಲರೂ ತಡವರಿಸುವುದು ಇಲ್ಲೇ. ವಯಸ್ಸಿನಲ್ಲಿ ದೊಡ್ಡವರು, ಹುದ್ದೆಯಲ್ಲಿ ಮೇಲಿನವರು, ಮನೆಯಲ್ಲಿ ಅತ್ತೆ, ಮಾವ, ಕಾಕಾ. ಅವರಿಗೆ ತಿದ್ದುವ ಮಾತು ಹೇಳಿದರೆ ಮರ್ಯಾದೆ ತಪ್ಪಿದಂತೆ ಅನ್ನಿಸುತ್ತದೆ. ನನ್ನ ಅನುಭವದಲ್ಲಿ ಮರ್ಯಾದೆ ಉಳಿಯುವುದು ಎರಡು ಸಂಗತಿಯಿಂದ. ಮೊದಲು ಅನುಮತಿ ಕೇಳುವುದು. ಆಮೇಲೆ ಕಂಡದ್ದನ್ನು ಹೇಳಿ ತೀರ್ಮಾನವನ್ನು ಅವರಿಗೇ ಬಿಡುವುದು.

ಹೊಸ ಶಿಕ್ಷಕಿ ಒಬ್ಬರು, ನಿವೃತ್ತಿ ಹತ್ತಿರವಿರುವ ಹಿರಿಯ ಗಣಿತ ಶಿಕ್ಷಕರ ಕ್ಲಾಸಿನಲ್ಲಿ ಹಿಂದೆ ಕೂತು ನೋಡಿದ್ದಾರೆ ಅಂದುಕೊಳ್ಳೋಣ. ಹಿಂದಿನ ಬೆಂಚಿನವರಿಗೆ ಬೋರ್ಡು ಕಾಣುತ್ತಿರಲಿಲ್ಲ. ಮಾತು ಹೀಗೆ ಸಾಗಬಹುದು.

"ಸರ್ರ, ನಿಮ್ಮ ಕ್ಲಾಸಿನಾಗ ಒಂದು ಕಂಡೀನ್ರಿ. ಹೇಳ್ಲೇನ್ರಿ?"

"ಹೇಳ್ರಿ ಅಕ್ಕೋರ."

"ನಾ ಹಿಂದಿನ ಬೆಂಚಿನ ಬಾಜೂ ಕೂತಿದ್ದೆ. ಅಲ್ಲಿ ಹುಡುಗ್ರು ಬೋರ್ಡ್ ನೋಡ್ದೆ ಮುಂದಿನವ್ರ ನೋಟ್‌ಬುಕ್ ನೋಡಿ ಬರ್ಕೊಳ್ಳಕತ್ತಿದ್ರು. ಬೋರ್ಡಿನ ಕೆಳಗಿನ ಸಾಲು ನಂಗೂ ಕಾಣ್ಲಿಲ್ರಿ."

"ಹಂಗೇನು? ನಂಗ ಗೊತ್ತೇ ಆಗಿಲ್ಲ ನೋಡ್ರಿ."

"ಏನು ಮಾಡಿದ್ರ ಛಲೋ ಆಗ್ತದಂತ ನಿಮಗ ಅನಸ್ತದ್ರಿ?"

ಅಕ್ಷರ ದೊಡ್ಡದು ಮಾಡಬೇಕೋ, ಬೋರ್ಡಿನ ಕೆಳಗಿನ ಭಾಗ ಬಿಡಬೇಕೋ, ಹುಡುಗರನ್ನು ವಾರಕ್ಕೊಮ್ಮೆ ಜಾಗ ಬದಲಿಸಬೇಕೋ, ಅದನ್ನು ಅವರೇ ಹೇಳುತ್ತಾರೆ. ಅಷ್ಟು ವರ್ಷ ಪಾಠ ಮಾಡಿದವರಿಗೆ ಉಪಾಯ ಗೊತ್ತು, ಹಿಂದಿನ ಬೆಂಚಿನಿಂದ ಏನು ಕಾಣುತ್ತದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. "ಬೋರ್ಡ್ ಮ್ಯಾಲ ಅಕ್ಷರ ದೊಡ್ಡದು ಬರೀರಿ ಸರ್" ಅಂತ ನೇರ ಹೇಳಿದ್ದರೆ ಅದೇ ಮಾತು ಆಜ್ಞೆಯಂತೆ ಕೇಳಿಸುತ್ತಿತ್ತು.

ಅನುಮತಿ ಕೇಳಿದಾಗ "ಈಗ ಬ್ಯಾಡ" ಅಂದರೆ ಬಿಟ್ಟುಬಿಡಿ. ಯಾವಾಗ ಬರಲಿ ಅಂತ ಕೇಳಿ ಹೊರಡಿ.

ಕೇಳುವ ಸರದಿ ನಿಮ್ಮದಾದಾಗ

ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಕಷ್ಟ. ಯಾರೋ ತಪ್ಪು ತೋರಿಸಿದ ಕೂಡಲೇ ಕಿವಿ ಬಿಸಿಯಾಗುತ್ತದೆ, ಬಾಯಿಗೆ ಉತ್ತರ ತಾನೇ ಬರುತ್ತದೆ. "ಅದು ಹಂಗಲ್ರಿ, ಅವತ್ತ ಕರೆಂಟ್ ಇರ್ಲಿಲ್ಲ..." ಕರೆಂಟು ಇರದಿದ್ದದ್ದು ನಿಜವೇ ಇರಬಹುದು. ಆದರೂ ಮೊದಲ ಉತ್ತರವಾಗಿ ಅದನ್ನು ಹೇಳಬೇಡಿ. ಎದುರಿನವರು ಧೈರ್ಯ ಮಾಡಿ ಬಾಯಿ ತೆರೆದಿದ್ದಾರೆ. ಒಮ್ಮೆ ತಡೆದರೆ ಮುಂದೆ ಅವರೂ "ನಡೀತದ ಬಿಡ್ರಿ" ಅನ್ನುವವರ ಸಾಲಿಗೆ ಸೇರುತ್ತಾರೆ. ಪೂರ್ತಿ ಹೇಳಲು ಬಿಡಿ. ಪೆನ್ನು ಇದ್ದರೆ ಬರೆದುಕೊಳ್ಳಿ. ಕೈಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಿರುತ್ತದೆ.

ಆಮೇಲೆ ಪ್ರಶ್ನೆ ಕೇಳಿ. ಜನ ಮೊದಲ ಸಲಕ್ಕೆ ಸ್ಪಷ್ಟವಾಗಿ ಹೇಳುವುದು ಅಪರೂಪ. ಗಿರಾಕಿಯೊಬ್ಬರು ರೊಟ್ಟಿ ಸಂಘಕ್ಕೆ ಫೋನ್ ಮಾಡಿ "ಈ ಸಲ ರೊಟ್ಟಿ ಸರಿ ಇದ್ದಿಲ್ರಿ" ಅಂದರು ಅನ್ನೋಣ. ಅದನ್ನೇ ಹಿಡಿದು ಏನನ್ನೂ ತಿದ್ದಲಾಗುವುದಿಲ್ಲ. ಮುರಿದಿದ್ದವಾ, ಮೆತ್ತಗಾಗಿದ್ದವಾ? ಪ್ಯಾಕೆಟ್ ಒಡೆದ ದಿನವೇ ಹಾಗಿತ್ತಾ, ಎರಡು ದಿನ ಬಿಟ್ಟ ಮೇಲಾ? ಮೇಲಿನ ರೊಟ್ಟಿ ಮಾತ್ರವಾ, ಎಲ್ಲವೂನಾ? ಕಡಕ್ ರೊಟ್ಟಿ ಮುರಿದಿದ್ದರೆ ಪ್ಯಾಕಿಂಗ್ ಅಥವಾ ಬಸ್ಸಿಗೆ ಹಾಕುವ ರೀತಿ ನೋಡಬೇಕು. ಒಡೆದ ದಿನವೇ ಮೆತ್ತಗಿದ್ದರೆ ಒಣಗಿಸುವುದು ಸಾಲಲಿಲ್ಲ ಅಥವಾ ಪ್ಯಾಕೆಟಿಗೆ ಗಾಳಿ ಸೇರಿದೆ. ಎರಡು ದಿನದ ಮೇಲೆ ಮೆತ್ತಗಾಗಿದ್ದರೆ ಗಿರಾಕಿಗೆ ಡಬ್ಬಿಯಲ್ಲಿ ಮುಚ್ಚಿಡಿ ಅಂತ ಹೇಳಿದರೆ ಸಾಕು. ಒಂದು ದೂರಿನೊಳಗೆ ಮೂರು ಬೇರೆ ಬೇರೆ ಕೆಲಸಗಳಿದ್ದವು. ಪ್ರಶ್ನೆ ಕೇಳದಿದ್ದರೆ ಬಡಿಯುವವರ ಮೇಲೆ ಸುಮ್ನೆ ರೇಗಾಡುತ್ತಿದ್ದಿರಿ.

ಪ್ರಶ್ನೆ ಕೇಳುವಾಗ ದನಿ ನೋಡಿಕೊಳ್ಳಿ. "ಎಲ್ಲಿ ತಪ್ಪದ ಹೇಳ್ರಿ ನೋಡಣ" ಅಂತ ಜಗಳದ ದನಿಯಲ್ಲೂ ಅನ್ನಬಹುದು, ತಿಳಿಯುವ ದನಿಯಲ್ಲೂ ಅನ್ನಬಹುದು.

ಕೇಳಿದ್ದನ್ನೆಲ್ಲ ಒಪ್ಪಬೇಕಾಗಿಲ್ಲ. "ಹೇಳಿದ್ದು ಛಲೋ ಆಯ್ತ್ರಿ, ವಿಚಾರ ಮಾಡ್ತೀನಿ" ಅಂತ ಹೇಳಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಬರೆದುಕೊಂಡದ್ದನ್ನು ತೆಗೆದು ನೋಡಿ. ಹೇಳಿದವರ ಮೇಲಿನ ಸಿಟ್ಟನ್ನು ಆಚೆ ಇಟ್ಟು, ಇದೇ ಮಾತನ್ನು ನಿಮಗೆ ಬೇಕಾದವರು ಹೇಳಿದ್ದರೆ ಏನನ್ನುತ್ತಿದ್ದಿರಿ ಅಂತ ಯೋಚಿಸಿ. ಆಗದವರ ಬಾಯಿಂದ ಬಂದ ಮಾತಿನಲ್ಲೂ ನಿಜ ಇರುತ್ತದೆ. ಹತ್ತಿರದವರು ನಮ್ಮ ಮೇಲಿನ ಪ್ರೀತಿಗೆ ಅದನ್ನು ಹೇಳಿರುವುದಿಲ್ಲ. ಇಬ್ಬರು ಮೂವರು ಬೇರೆ ಬೇರೆಯಾಗಿ ಅದೇ ಮಾತು ಹೇಳಿದರಂತೂ ಬದಲಿಸುವ ಹೊತ್ತು ಬಂದಿದೆ ಅಂತಲೇ ಅರ್ಥ.

ಬದಲಿಸಿದ ಮೇಲೆ ಹೇಳಿದವರ ಹತ್ತಿರ ಹೋಗಿ ತಿಳಿಸಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. "ನೀವು ಹೇಳಿದಂಗ ಮಾಡ್ದೆ, ಈಗ ನೋಡ್ರಿ" ಅನ್ನುವ ಒಂದು ಮಾತಿನಿಂದ ಅವರಿಗೆ ತಾವು ಹೇಳಿದ್ದು ಗಾಳಿಗೆ ಹೋಗಲಿಲ್ಲ ಅಂತ ತಿಳಿಯುತ್ತದೆ. ಒಪ್ಪದೆ ಬಿಟ್ಟಿದ್ದರೆ ಅದನ್ನೂ ಕಾರಣದ ಜೊತೆ ಹೇಳಿ.

ಎಲ್ಲವನ್ನೂ ಸಹಿಸಬೇಕಿಲ್ಲ

ಜಾತಿ ಎತ್ತಿ ಆಡುವುದು, ಹೆಣ್ಣುಮಕ್ಕಳ ಉಡುಗೆ, ಮೈಮಾಟದ ಬಗ್ಗೆ ಮಾತಾಡುವುದು, ಎಲ್ಲರ ಮುಂದೆ ಬೈಯುವುದು ಇವು ಯಾವುವೂ ಫೀಡ್‌ಬ್ಯಾಕ್ ಅಲ್ಲ. "ನಿನ್ನ ಒಳ್ಳೇದಕ್ಕೇ ಹೇಳಿದ್ದು" ಅಂತ ಸೇರಿಸಿದರೂ ಅಲ್ಲ. ಮೇಲೆ ಹೇಳಿದ ತಾಳ್ಮೆಯನ್ನು ಅಲ್ಲಿ ಖರ್ಚು ಮಾಡಬೇಡಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆ ಇದೆ. 10 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗಗಳಲ್ಲಿ ಕೆಲಸ ಮಾಡುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು.

ಎಲ್ಲಿಂದ ಶುರು ಮಾಡುವುದು

ಕೊಡುವುದರಿಂದ ಬೇಡ, ಕೇಳುವುದರಿಂದ ಶುರು ಮಾಡಿ. ನೀವು ಮುಖ್ಯ ಶಿಕ್ಷಕರೋ, ಸಂಘದ ಅಧ್ಯಕ್ಷೆಯೋ, ಅಂಗಡಿ ಮಾಲೀಕರೋ ಆಗಿದ್ದರಂತೂ ಇದೇ ಮೊದಲ ಹೆಜ್ಜೆ. ಮೇಲಿನವರು ಕೇಳಿಸಿಕೊಂಡಿದ್ದನ್ನು ಕಣ್ಣಾರೆ ನೋಡದೆ ಕೆಳಗಿನವರು ನಿಜ ಹೇಳುವುದಿಲ್ಲ.

"ಹೆಂಗದ?" ಅಂತ ಕೇಳಬೇಡಿ. ಕೇಳಿದರೆ "ಛಲೋ ಅದ" ಬಂದೇ ಬರುತ್ತದೆ. "ಇದರಾಗ ಒಂದೇ ಒಂದು ಬದಲು ಮಾಡು ಅಂದ್ರ ಏನು ಮಾಡ್ತಿದ್ದಿ?" ಅಂತ ಕೇಳಿ. ಈ ಪ್ರಶ್ನೆಯಲ್ಲಿ ಬದಲಿಸಬೇಕಾದದ್ದು ಇದೆ ಅಂತ ನೀವೇ ಒಪ್ಪಿಕೊಂಡಾಗಿದೆ, ಹಾಗಾಗಿ ಹೇಳುವವರಿಗೆ ಭಾರ ಕಡಿಮೆ. ಮೊದಲ ಉತ್ತರ ಬಹಳ ಚಿಕ್ಕದಿರುತ್ತದೆ. "ಮೀಟಿಂಗ್ ಜರಾ ಲಗೂನ ಮುಗಿಸ್ರಿ" ಅನ್ನುವಷ್ಟು. ಅದನ್ನೇ ಮಾಡಿ ತೋರಿಸಿ. ಮುಂದಿನ ಮೀಟಿಂಗು ಹೇಳಿದ ಹೊತ್ತಿಗೆ ಮುಗಿಯಲಿ. ಆಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ಎರಡನೇ ಸಲ ಬರುವ ಉತ್ತರ ದೊಡ್ಡದಿರುತ್ತದೆ, ಅದನ್ನು ಬರೆದುಕೊಳ್ಳಲು ಪೆನ್ನು ತೆಗೆದುಕೊಂಡೇ ಹೋಗಿ.